ಗಂಜಿ

ಮೂರನೇ ಸಂಪುಟದ ಮೈಮೇಲೆ ತೊಗಲಿಲ್ಲ.
ಒಂದು, ಎರಡು, ನಾಲ್ಕು ಕಂದು ಕರುವಿನ ಚರ್ಮ ಹೊದ್ದು
ಹೊನ್ನಕ್ಷರ ಹೊತ್ತು ನಿಂತಿವೆ ಮೇಜಿನ ಮೇಲೆ;
ಉತ್ತರದೇಶದ ಕಲ್ಲುಹೂವುಗಳ ವಿವರ, ಚಿತ್ರಸಹಿತ,
ಯಾರೂ ಓದದ್ದು.
ಇದು ಮಾತ್ರ ಬರೀ ರಟ್ಟು, ಬರೀ ದಾರ,
ಸ್ನಾನಕ್ಕೆಂದು ಬಟ್ಟೆ ಬಿಚ್ಚಿ
ನೀರು ಬಾರದೆ ನಿಂತ ಮುದುಕನ ಹಾಗೆ.

ಜೊತೆಗೆ ಗ್ರಂಥಾಲಯದ ಚೀಟಿ: 'ಉಳಿದವಕ್ಕೆ ಹೊಂದುವಂತೆ ಹೊದಿಸಿ.
ಗುರುವಾರದೊಳಗೆ.'

ನೆವಾ ಇನ್ನೂ ಕರಗಿಲ್ಲ. ನೆಲಮಾಳಿಗೆಯ ಕಿಟಕಿಯಲ್ಲಿ
ಬೂಟುಗಳಷ್ಟೇ ಓಡಾಡುತ್ತವೆ.
ಗ್ಲೇಬ್, ಕಲಿಯಲು ಬಂದ ಹುಡುಗ, ಎಂಟು ತಿಂಗಳಾದರೂ
ಮಡಿಕೆ ತೀಡುವ ಮೂಳೆಯನ್ನು ಪೆನ್ನಿನ ಹಾಗೆ ಹಿಡಿಯುವವನು,
ಹೇಳಿದ: ಯಾರೋ ಕಿತ್ತುಹಾಕಿದ್ದಾರೆ, ತೈಸಿಯಾ ಮರ್ಕೂಲೊವ್ನಾ.
ಕಿತ್ತದ್ದಲ್ಲ, ನೋಡು.
ಅಂಚು ಒದ್ದೆ ಮಾಡಿ, ಮಡಿಕೆ ಎತ್ತಿ, ಚಪ್ಪಟೆ ಚಾಕು ತೂರಿಸಿ
ಇಡಿಯಾಗಿ ಸುಲಿದದ್ದು.
ರಟ್ಟಿನ ಮೇಲೆ ಒಂದು ಗೀರಿಲ್ಲ.
ಕಸುಬಿನವನ ಕೈ.

ಒಳರಟ್ಟಿನಲ್ಲಿ ಪೆನ್ಸಿಲು, ದೀಪ ಓರೆ ಹಿಡಿದರೆ ಮಾತ್ರ:
'ತೊಗಲು ತೆಗೆದವನು ನಾನು, ಪ್ರೊಖೋರ್ ಝಿಮಿನ್, ಬೈಂಡರ್.
ಕರುವಿನದು, ಎರಡು ಗೇಣು. ಹೊಲಿಗೆ ಮುಟ್ಟಿಲ್ಲ.
ವಾಪಸು ಕೊಡತಕ್ಕದ್ದು.
ಫೆಬ್ರವರಿ ೧೧, ೧೯೪೨.'

ಆ ಚಳಿಗಾಲವನ್ನು ಈ ಊರಲ್ಲಿ ಯಾರೂ ವಿವರಿಸುವುದಿಲ್ಲ.
ಇಸವಿ ಹೇಳಿದರೆ ಸಾಕು, ಮೇಜಿನ ಮೇಲೆ ಉದುರಿದ ರೊಟ್ಟಿಯ ಚೂರನ್ನು
ಬೆರಳಿಗೆ ಒತ್ತಿ ಬಾಯಿಗಿಟ್ಟುಕೊಳ್ಳುತ್ತಾರೆ.
ಸೊಂಟದ ಪಟ್ಟಿ ಬೆಂದಿತ್ತು. ಬಡಗಿಯ ಅಂಟು
ಪರಿಮಳಕ್ಕೊಂದು ಒಣ ಎಲೆ ಇಟ್ಟುಕೊಂಡು
ಬಟ್ಟಲಲ್ಲಿ ಹೆಪ್ಪುಗಟ್ಟಿತ್ತು.
ಹೊಟ್ಟೆ ಬೆನ್ನಿಗೆ ಅಂಟಿದ ಊರು.

ಪುಸ್ತಕದ ಬೆನ್ನಿಗೆ ಭೂತಗನ್ನಡಿ ಹಿಡಿದೆ.
ಹುರಿಗಳ ನಡುವಿನ ಹಳೆ ಗಂಜಿ ಕೆರೆದಿದೆ,
ಚಾಕುವಿನಿಂದಲ್ಲ. ಗುರುತು ದುಂಡಗೆ. ಚಮಚ.
ಅದೂ ಸಣ್ಣ ಚಮಚ.
ತೊಗಲಿಗೆ ಲೆಕ್ಕ ಬರೆದಿಟ್ಟ ಪ್ರೊಖೋರ್
ಗಂಜಿಗೆ ಬರೆದಿಲ್ಲ.
ಯಾವ ಮಗುವೋ. ಅವನದೋ, ಮೇಲಿನ ಮಹಡಿಯವರದೋ.
ನನ್ನಮ್ಮನಿಗೆ ಆಗ ಐದು.
ನಾನು ಗಂಜಿ ಕಾಯಿಸುವುದನ್ನು ಕೊನೆಗಾಲದವರೆಗೂ
ಬಾಗಿಲಿಗೊರಗಿ ನೋಡುತ್ತಿದ್ದಳು;
ಪಾತ್ರೆ ತೊಳೆಯಲು ಬಿಡುತ್ತಿರಲಿಲ್ಲ.

'ನಾಲ್ಕಿದ್ದವಲ್ಲ,' ಅಂದ ಗ್ಲೇಬ್, 'ಮೂರನೆಯದೇ ಯಾಕೆ?'
ಕೇಳುವುದನ್ನು ಕಲಿತಿದ್ದಾನೆ, ಪರವಾಗಿಲ್ಲ.

ಬೆನ್ನು ಸಡಿಲಾದ ಕಡೆಯಿಂದ, ನಾಲ್ಕರಿಂದಲೂ,
ಸಾಸಿವೆಯಷ್ಟು ಗಂಜಿ ತೆಗೆದು ನೀರಲ್ಲಿ ನೆನೆಸಿದೆವು.
ಒಂದು, ಹಸಿರು. ಎರಡು, ಹಸಿರು. ನಾಲ್ಕೂ ಹಸಿರು.
ಮೈಲುತುತ್ತ. ಹುಳ ಹತ್ತದಿರಲೆಂದು
ಹಳಬರು ಕಲೆಸುತ್ತಿದ್ದ ವಿಷ.
ಮೂರನೆಯದು ಬಿಳಿ,
ಬರೀ ಗೋಧಿ.
ಎಂದೋ ಪ್ರೊಖೋರನೇ ಅದನ್ನು ಬಿಚ್ಚಿ ಮತ್ತೆ ಕಟ್ಟಿದ್ದಿರಬೇಕು.
ಯಾವುದರ ಬೆನ್ನಲ್ಲಿ ಏನಿದೆಯೆಂದು ಕೈಗೆ ನೆನಪಿತ್ತು.
ದೀಪವಿಲ್ಲದೆ, ಕಪಾಟಿನ ಮುಂದೆ, ಕಾಲು ನಿಲ್ಲದೆ
ತಡವಿ ತಡವಿ
ಉಣ್ಣಬಹುದಾದ ಒಂದನ್ನು ಆರಿಸಿದ.

ಗುರುವಾರ ಬಂತು. ಕಳಿಸಲಿಲ್ಲ.
ಹೊಸ ತೊಗಲನ್ನು ಕಲ್ಲಿನ ಮೇಲೆ ಹಾಸಿ ಹೆರೆದೆ,
ಅಂಚು ಈರುಳ್ಳಿ ಸಿಪ್ಪೆಯಷ್ಟು ತೆಳುವಾಗುವ ತನಕ.
ರಟ್ಟಿಗೆ ಅಂಟಿಸುವುದಿಲ್ಲ; ಕೋಟಿನ ಹಾಗೆ ತೊಡಿಸುತ್ತೇನೆ,
ಬೇಕೆಂದವರು ಬಿಚ್ಚಲಿ, ಪೆನ್ಸಿಲು ಓದಲಿ.
ಚಮಚದ ಗುರುತು ಇದ್ದ ಹಾಗೇ ಇರಲಿ.
ಎರಡು ಗೇಣು ಅಳೆದೆ. ಒಂದು ಬೆರಳು ಹೆಚ್ಚಾಯಿತು.
ಕತ್ತರಿಸಲಿಲ್ಲ, ಬಡ್ಡಿ ಅನ್ನಿ.

ಕೋಟಿನ ಮಡಿಕೆಗಳಿಗಷ್ಟೇ ಗಂಜಿ ಬೇಕು.
ಒಲೆ ಹಚ್ಚಿದೆ. ಗ್ಲೇಬ್ ಹುಳದ ಮದ್ದಿನ ಶೀಶೆ ಹಿಡಿದು ನಿಂತ,
ಎಷ್ಟು ಹನಿ?
ಇದಕ್ಕೆ ಬೇಡ.
ಹುಳ ಬಂದರೆ?
ಬಂದರೆ ಬಂತು.
ಕೈ ಬಿಡದೆ ತಿರುವು, ತಳ ಹಿಡಿದೀತು.