ಹಳೆಯ ಸದ್ದು

ನಾರ್ವೆಯ ತುತ್ತತುದಿ, ವಾರ್ಡೋ ದ್ವೀಪ.
ಇಲ್ಲಿ ಆರು ವಾರಕ್ಕೊಬ್ಬ ಹೊಸ ಡಾಕ್ಟರು.
ಬರುತ್ತಾರೆ, ಗಾಳಿಗೆ ಬೈಯುತ್ತಾರೆ, ಏಡಿ ತಿಂದು ಹೋಗುತ್ತಾರೆ.
ಒಬ್ಬೊಬ್ಬರಿಗೂ ನಾನು ಅಂಗಿಯ ಗುಂಡಿ ಬಿಚ್ಚಿ,
ಕೊರಳ ಗುಳಿಯಿಂದ ಕೆಳಗಿಳಿದ ಗೆರೆ ತೋರಿಸಿ
ಹಾಡಿದ್ದೇ ಹಾಡಬೇಕು:
ಹುಟ್ಟುವಾಗಲೇ ಗುಂಡಿಗೆಯಲ್ಲಿ ನಾಲ್ಕು ತಪ್ಪು,
ಮೂರನೆಯ ವರ್ಷ ಓಸ್ಲೋ,
ತೂತಿಗೆ ತೇಪೆ, ಇಕ್ಕಟ್ಟಿಗೆ ಕತ್ತರಿ.
ಸ್ಟೆತಸ್ಕೋಪು ಇಟ್ಟೊಡನೆ ಹುಬ್ಬು ಮೇಲೇರುತ್ತದೆ:
"ಏನೋ ಸದ್ದು ಇದೆಯಲ್ಲ?"
ಇದೆ ಮಾರಾಯರೇ.
ನಲವತ್ತು ವರ್ಷದಿಂದ ಇದೆ.
ನೀವು ಬಂದದ್ದು ಮೊನ್ನೆ.

ಅಳುವಾಗ ನಿನ್ನ ತುಟಿ
ಬ್ಲೂಬೆರಿ ಕದ್ದು ತಿಂದವಳ ತುಟಿ, ಅನ್ನುತ್ತಿದ್ದಳು ಅಮ್ಮ.
ಎದೆ ಹೊಲಿಸಿಕೊಂಡು ಊರಿಗೆ ಮರಳಿದ್ದು ಜನವರಿಯಲ್ಲಿ,
ವಾರಗಟ್ಟಲೆ ಕಾಣೆಯಾಗಿದ್ದ ಸೂರ್ಯ
ಇಡಿಯಾಗಿ ಮೂಡಿದ ದಿನ.
ಕೋಟೆಯಲ್ಲಿ ತೋಪು ಹಾರಿತು, ಶಾಲೆಗೆ ರಜೆ.
ಬಹಳ ಕಾಲ
ಅದು ನನಗಾಗಿಯೇ ಎಂದುಕೊಂಡಿದ್ದೆ.
"ಗುಣವಾಯಿತು" ಎಂದಿತು ಊರು.
ಡಾಕ್ಟರು ಹೇಳಿದ್ದು "ರಿಪೇರಿ ಆಯಿತು" ಎಂದು.
ಎರಡು ಮಾತಿನ ನಡುವಿನ ನೀರು ಎಷ್ಟು ಆಳ,
ದೋಣಿ ಇಟ್ಟುಕೊಂಡಿದ್ದ ಅಪ್ಪನಿಗಾದರೂ
ಗೊತ್ತಾಗಬೇಕಿತ್ತು.

ಹದಿನೆಂಟಕ್ಕೆ ಮಕ್ಕಳ ಆಸ್ಪತ್ರೆ ಕೈಬಿಟ್ಟಿತು.
ಗೋಡೆಯ ಜಿರಾಫೆ, ರಕ್ತ ತೆಗೆದಾಗಲೆಲ್ಲ ಒಂದು ಸ್ಟಿಕರ್,
"ಮುಂದೆ ದೊಡ್ಡವರ ವಿಭಾಗ, ಪತ್ರ ಬರುತ್ತದೆ."
ಬಂತು ಪತ್ರ,
ತ್ರೊಮ್ಸೋದಲ್ಲಿ ನಾನು ಬಿಟ್ಟುಹೋದ ಬಾಡಿಗೆ ಕೋಣೆಗೆ.
ಅಷ್ಟರಲ್ಲಿ ನಾನು ಸಿಗ್ವಾಲ್ಡನ ಹಿಂದೆ ಬೋಡೋದಲ್ಲಿ.
ಕುಣಿತ, ಸಿಗರೇಟು, ಒಂದು ಹೆರಿಗೆ
(ಉಳಿದದ್ದು ಅದೃಷ್ಟ, ಆಮೇಲೆ ತಿಳಿಯಿತು).
ಹದಿಮೂರು ವರ್ಷ ಈ ಎದೆಗೆ ಯಾರೂ ಕಿವಿಗೊಡಲಿಲ್ಲ.
ಕಿವಿಯಿಟ್ಟು ಮಲಗಿದವನೊಬ್ಬ ಇದ್ದ,
ಅವನು ಸದ್ದು ಕೇಳಲು ಇಟ್ಟವನಲ್ಲ.

ಊರಿಗೆ ವಾಪಸಾದ ಮೇಲೆ ಒಂದು ಮಂಗಳವಾರ
ಏಡಿ ತೂಗುತ್ತ ನಿಂತಿದ್ದೆ, ಒದ್ದೆ ಕೈ, ಫೋನು.
"ಬೋರ್ಗಿಲ್ಡ್, ಓಸ್ಲೋದಿಂದ, ನರ್ಸು.
ಕೈತಪ್ಪಿ ಹೋದವರನ್ನು ಹುಡುಕುತ್ತಿದ್ದೇನೆ.
ನಿನ್ನ ಹೆಸರಿನವರು ಒಂಬತ್ತು ಜನ, ನೀನು ಏಳನೆಯವಳು.
ಮೆಟ್ಟಿಲು ಹತ್ತುತ್ತೀಯಾ?"
ಹತ್ತುತ್ತೇನೆ.
"ನಡುವೆ ಎಷ್ಟು ಸಲ ನಿಲ್ಲುತ್ತೀ?"
ತಕ್ಕಡಿಯ ಮುಳ್ಳು ಆಡುತ್ತಲೇ ಇತ್ತು.
ಕಿಟಕಿಯಲ್ಲಿ ಕಡಲು ನೋಡಲು ನಿಲ್ಲುತ್ತೇನೆಂದು
ನನಗೆ ನಾನೇ ಹೇಳಿಕೊಂಡು ಬಂದಿದ್ದೆ.

ಕವಾಟ ಸೋರುತ್ತಿತ್ತು, ಬಲಗೋಡೆ ಉಬ್ಬಿತ್ತು.
ಈಗಿರುವುದು ಯಾರದೋ ಕವಾಟ,
ಹೆಸರು ಹೇಳುವುದಿಲ್ಲ, ನಾನೂ ಕೇಳುವುದಿಲ್ಲ.
ಅಂದಿನಿಂದ ಪ್ರತಿ ಶರತ್ಕಾಲ ಎರಡು ವಿಮಾನ ಹಿಡಿದು
ತೋರ್ಕೆಲ್ ಡಾಕ್ಟರ ಕೋಣೆಗೆ.
ಕಣ್ಣು ಮುಚ್ಚಿ ಕೇಳುತ್ತಾರೆ,
ಹೋದ ವರ್ಷವನ್ನು ಈ ವರ್ಷದ ಪಕ್ಕ ಕೂರಿಸಿಕೊಂಡು.
ಆಮೇಲೆ ಎರಡೇ ಮಾತು: "ಹಳೆಯ ಸದ್ದೇ."
ಆ ಎರಡು ಮಾತಿಗೆ ಎರಡು ವಿಮಾನ
ಹೆಚ್ಚೇನಲ್ಲ.

ಈ ಸಲ ಕೋಣೆಯಲ್ಲಿ ಇನ್ನೊಂದು ಕುರ್ಚಿ.
ಕೌಟೊಕೈನೋದ ಹುಡುಗಿ, ಮಾರೆತ್, ಕೈ ತಣ್ಣಗೆ.
ಅವರು ನಿವೃತ್ತರಾಗುತ್ತಾರಂತೆ.
ಒಂದೇ ಸ್ಟೆತಸ್ಕೋಪು, ಎರಡು ಜೊತೆ ಕಿವಿ.
ನಾನು ಉಸಿರು ಹಿಡಿದು ಮಲಗಿದೆ,
ನನ್ನನ್ನೇ ಒಬ್ಬರು ಇನ್ನೊಬ್ಬರಿಗೆ ಓದಿ ಹೇಳುವಾಗ
ಮಾತಾಡಬಾರದಲ್ಲ.
"ಇದು ಹಳೆಯದು. ಇದೂ.
ಇದರ ಬಾಲ ಉದ್ದವಾದರೆ
ಗೊತ್ತಾಗಬೇಕಾದದ್ದು ಇನ್ನು ನಿನಗೆ."

ಹಾಡು ಶುರುಮಾಡಲು ಬಾಯಿ ತೆರೆದೆ.
ಬೇಡ, ಎಂದಳು. ಎಲ್ಲ ಓದಿದ್ದಾಳೆ,
ಬೋರ್ಗಿಲ್ಡಳ ಪೆನ್ಸಿಲ್ ಗೀಚನ್ನೂ.
"ಮೆಟ್ಟಿಲಲ್ಲಿ ಎಷ್ಟು ಸಲ ನಿಲ್ಲುತ್ತೀರಿ?"

ಎರಡು ಸಲ, ಎಂದೆ.
ಒಂದು ಸಲ
ನಿಜಕ್ಕೂ ಕಡಲಿಗೆ.