ಹೆಪ್ಪು

ಡಬ್ಬಿ ತೆರೆದರೆ ಹಾಲು.
ತಾಯ್ಸ್ತೊ ಮೂಗು ಬಗ್ಗಿಸಿ ನೋಡಿದ, ಏನೂ ಇಲ್ಲ.
ಅವನ ಮೂಗಿಗೆ ಹೇಗೂ ಹದಿನೆಂಟು ವರ್ಷದಿಂದ ಏನೂ ಇಲ್ಲ:
ಕಾಫಿಯಿಲ್ಲ, ಹೊಗೆಯಲ್ಲಿ ಬೇಯಿಸಿದ ಮೀನಿಲ್ಲ,
ಹೆಂಡತಿಯ ಕೂದಲಿಲ್ಲ.
ಹಳೆಯ ವಾರ್ನಿಶ್ಶಿಗೆ ಅದನ್ನೆಲ್ಲ ಕೊಟ್ಟು ಬಂದವನು.
"ನಾತ ಇಲ್ಲದ್ದು ಒಣಗಿ ಕಲ್ಲಾಗುತ್ತೆ ಅಂತೀಯಾ?"
ಅಂತೀನಿ, ಅಂದೆ.

ಸರೋವರದ ದಡದಲ್ಲಿ ನೃತ್ಯದ ಕಟ್ಟೆ,
ಎಂಟು ಮೂಲೆ, ಬರ್ಚ್ ಹಲಗೆ.
ಶನಿವಾರ ಸಂಜೆಗೆ ಟ್ಯಾಂಗೋ, ಇವತ್ತು ಬುಧವಾರ.
ನಿನ್ನೆ ಯಂತ್ರ ಉಜ್ಜಿ ಸುಲಿದ ನೆಲ;
ಐವತ್ತು ಬೇಸಿಗೆಯ ಹಿಮ್ಮಡಿ ಗುರುತು
ಒಂದು ಚೀಲ ಹಿಟ್ಟಾಗಿ ಬಾಗಿಲ ಬಳಿ ಕೂತಿತ್ತು.

ಕಾರ್ಖಾನೆಯ ತರಗತಿಯಲ್ಲಿ ಕಲಿತಷ್ಟನ್ನು ಹೇಳಿದೆ.
ನೀರಿನಲ್ಲಿ ಕರಗಿಲ್ಲ ಇದು, ತೇಲಿದೆ.
ಕಣ್ಣಿಗೆ ಕಾಣದ ಪಾಲಿಯುರೆಥೇನ್ ಗುಂಡುಗಳು,
ಒಂದೊಂದರ ಮೈಮೇಲೂ ಋಣದ ವಿದ್ಯುತ್ತು.
ಋಣವಿದ್ದವರು ಬೀದಿಯಲ್ಲಿ ಎದುರಾದರೆ
ಪಕ್ಕಕ್ಕೆ ಸರಿಯುತ್ತಾರಲ್ಲ, ಹಾಗೆ ಸರಿದು ಸರಿದು
ಡಬ್ಬಿಯ ತುಂಬ ತಿರುಗುತ್ತಿವೆ.
ನೀರು ಎದ್ದು ಹೋದ ಮೇಲೆ
ಸರಿಯಲು ಜಾಗವಿಲ್ಲ. ಒತ್ತುತ್ತವೆ,
ಜೇನುಗೂಡಿನ ಕೋಣೆಗಳಾಗುತ್ತವೆ, ಆಮೇಲೆ ಗೋಡೆಯೂ ಇಲ್ಲ.
ಬಿಳುಪು ಹೋಗಿ ಹಲಗೆ ಕಾಣುತ್ತೆ.

"ಮತ್ತೆ ಈ ಚಿಕ್ಕ ಶೀಶೆ?"
ಅದು ಹೆಪ್ಪು.

ತಾಯ್ಸ್ತೊ ನಕ್ಕ. ಅವನಮ್ಮ ವೀಲಿ ಮಾಡುತ್ತಿದ್ದಳು,
ಬಟ್ಟಲ ತಳದಲ್ಲಿ ನಿನ್ನೆಯದೊಂದು ಚಮಚ ಉಳಿಸಿ,
ಮೇಲೆ ಹಾಲು ಸುರಿದು, ಅಲುಗಾಡಿಸಬೇಡ್ರೋ ಎಂದು ಗದರಿ.
ಬೆಳಿಗ್ಗೆ ಚಮಚ ಎತ್ತಿದರೆ ನೂಲಿನಂತೆ ಎಳೆ ಬರಬೇಕು.
ಇದೂ ಎಳೆಯೇ, ಅಂದೆ. ಮೆತ್ತನೆಯದೊಂದು, ಗಟ್ಟಿಯದೊಂದು.
ಹಿಮ್ಮಡಿ ಬಿದ್ದರೆ ಮೆತ್ತನೆಯದು ಬಾಗುತ್ತೆ,
ಗಟ್ಟಿಯದು ಕೈ ಬಿಡುವುದಿಲ್ಲ.
ಬೆರೆಸಿದ ಮೇಲೆ ನಾಲ್ಕೇ ಗಂಟೆ.
ತಡಮಾಡಿದರೆ ಹೆಪ್ಪು ನೀರನ್ನೇ ಕಚ್ಚಿ ಸೋಡಾದ ಗಾಳಿ ಬಿಡುತ್ತೆ,
ನೆಲದ ತುಂಬ ಸೂಜಿಮೊನೆಯ ಗುಳ್ಳೆ.

ಸುರಿದೆವು.
ಒದ್ದೆ ಅಂಚು ಆರುವ ಮೊದಲೇ ಮುಂದಿನ ಪಟ್ಟಿ.
ಅವನ ರೋಲರು ನನ್ನದಕ್ಕಿಂತ ನಿಧಾನ, ನನ್ನದಕ್ಕಿಂತ ನೇರ.

ರಾತ್ರಿ ಹತ್ತಾದರೂ ಸೂರ್ಯ ಪೈನ್ ಮರಗಳ ಕುತ್ತಿಗೆಯಲ್ಲೇ.
ಹನ್ನೊಂದಕ್ಕೆ ಸರೋವರದಿಂದ ಮಂಜು ಎದ್ದು
ಟಿಕೆಟ್ಟು ಕೊಳ್ಳದೆ ಮೆಟ್ಟಿಲೇರಿ ಬಂತು.
ಗಾಳಿಗೇ ಹೊಟ್ಟೆ ತುಂಬಿದರೆ
ನೆಲದ ನೀರು ಎಲ್ಲಿಗೆ ಹೋಗಬೇಕು?
ವಾಯವ್ಯ ಮೂಲೆ ಹಾಲಾಗಿಯೇ ಉಳಿಯಿತು.
ಸಮಿತಿಯ ಐರಾ ಥರ್ಮಾಸು ಹಿಡಿದು
ಬಾಗಿಲಲ್ಲೇ ನಿಂತಳು: "ಶನಿವಾರ?"
ನಾನು ಮಾಪಕ ನೋಡಿದೆ. ತೊಂಬತ್ತು.
ತಾಯ್ಸ್ತೊ ಮಂಡಿಯೂರಿ, ಹೆಂಚು ಕಾದಿದೆಯೇ ಎಂದು ನೋಡುವವರಂತೆ
ಅಂಗೈಯನ್ನು ಹಲಗೆಗೆ ತುಸು ಮೇಲೆ ಹಿಡಿದ.
"ತಣ್ಣಗಿದೆ. ನೀರು ಇನ್ನೂ ಹೊರಡ್ತಾ ಇದೆ."
ಆ ಕೈಯನ್ನು ಅಲ್ಲೇ, ಬಹಳ ಹೊತ್ತು.

ಮೂರಕ್ಕೆ ತೊಲೆಯಿಂದ ಇಳಿದ ಕುಂಡೆಕುಸ್ಕ
ಹೆಸರಿಗೆ ತಕ್ಕಂತೆ ಬಾಲ ಕುಣಿಸುತ್ತ
ಹಾಲಿನ ಮೂಲೆಯನ್ನು ಅಡ್ಡ ದಾಟಿತು.
ಹನ್ನೊಂದು ಹೆಜ್ಜೆ.
ಎದ್ದವಳ ತೋಳು ಹಿಡಿದು ಕೂರಿಸಿದ:
"ಈಗ ಕೈಯಿಟ್ಟರೆ ಹನ್ನೊಂದು ನೂರಾಗುತ್ತೆ."

ಐದಕ್ಕೆ ಗಾಳಿ ದಿಕ್ಕು ಬದಲಿಸಿತು. ಬಿಳುಪು
ಅಂಚಿನಿಂದ ಒಳಕ್ಕೆ ತೆಳುವಾಗುತ್ತ ಬಂದು
ಹಲಗೆಯ ಗಂಟುಗಳು ಒಂದೊಂದಾಗಿ ಕಣ್ಣು ಬಿಟ್ಟವು.
ಅವುಗಳ ಮೇಲೆ ಗಾಜಿನಲ್ಲಿ ಕೊರೆದಂಥ ಹನ್ನೊಂದು ಮುಳ್ಳುಕಡ್ಡಿ.
ಗುರುವಾರ ಮರಳುಕಾಗದ ಹಿಡಿದು
ಒಂಬತ್ತನ್ನು ಉಜ್ಜಿ ಮತ್ತೊಂದು ಪದರ ಬಳಿದೆ.
ಎರಡು ಬೆಂಚಿನ ಕೆಳಗಿವೆ. ಲೆಕ್ಕಕ್ಕೆ ಬರೆದಿಲ್ಲ.

ಪೂರ್ತಿ ಗಟ್ಟಿಯಾಗಲು ಏಳು ದಿನ ಬೇಕು.
ಶನಿವಾರಕ್ಕೆ ಮೂರೇ.
ಮೆಲ್ಲಗೆ ಕುಣಿಯಿರಿ ಎಂದು ಫಲಕ ಬರೆದು ನೇತುಹಾಕಿದ್ದೆ.
ಟ್ಯಾಂಗೋ ಯಾವ ಫಲಕ ಓದುತ್ತದೆ?
ತಾಯ್ಸ್ತೊನ ಹೆಂಡತಿ ಅವನ ಕಾಲರಿಗೆ ಮೂಗಿಟ್ಟು
ಏನೋ ಅಂದಳು. ಅಕಾರ್ಡಿಯನ್ನಿನ ಸದ್ದಿಗೆ ನನಗೆ ಕೇಳಿಸಲಿಲ್ಲ.
ನಾನು ನೋಡುತ್ತಿದ್ದುದು ಅವಳ ಹಿಮ್ಮಡಿಯನ್ನು,
ವಾಯವ್ಯ ಮೂಲೆಯಲ್ಲಿ ಅದು
ಗಕ್ಕನೆ ತಿರುಗಿದ್ದನ್ನು.