ಷರಾ

ತೂಬಿನ ಗೋಡೆಗೆ ಬರೆದ ಅಡಿ, ಅಂಗುಲ:
ಅದೇ ನನ್ನ ನೌಕರಿ.
ಬೆಳಿಗ್ಗೆ ಆರಕ್ಕೊಮ್ಮೆ, ಸಂಜೆ ಆರಕ್ಕೊಮ್ಮೆ
ನದಿ ಎಷ್ಟಿದೆ ಎಂದು ಬಗ್ಗಿ ನೋಡಿ
ರಟ್ಟಿನ ವಹಿಯಲ್ಲಿ ಬರೆಯಬೇಕು.
ತಾರೀಖು, ಹೊತ್ತು, ಮಟ್ಟ, ಷರಾ.
ಷರಾ ಮನೆ ಮಾತ್ರ ವರ್ಷಗಟ್ಟಲೆ ಖಾಲಿ.
ನೀರಿನ ಬಗ್ಗೆ ಇಲಾಖೆಗೆ ಬೇರೆ ಮಾತಿರಲಿಲ್ಲ.

ಶ್ರೀರಂಗಪಟ್ಟಣದ ಈ ಮಗ್ಗುಲಲ್ಲಿ
ಕಲ್ಲಿಗೆ ಬಲುಬೇಗ ಪಾಚಿ.
ಎರಡು ದಿನ ಬಿಟ್ಟರೆ ೩ ಹೋಗಿ ೬,
೬ ಹೋಗಿ ೯,
೯ಕ್ಕಂತೂ ಹಸಿರು ಗಡ್ಡ.
ಅದಕ್ಕೇ ಕೊಟ್ಟಿದ್ದರು ಒಂದು ತಂತಿ ಬ್ರಶ್ಶು.
ಉಜ್ಜು, ಓದು, ಬರೆ.

ಉಜ್ಜಿದ್ದಕ್ಕೆ ಕಾದು ಕೂರುತ್ತಿದ್ದಳು
ಬೆಸ್ತರ ಬೀದಿಯ ಹೊನ್ನಾಜಮ್ಮ,
ದವಡೆಯಲ್ಲಿ ಹೊಗೆಸೊಪ್ಪು, ಮಡಿಲಲ್ಲಿ ಒದ್ದೆ ಗೋಣಿ.
‘ನೂಲ್‌ನೂಲಾಗಿರೋದ ಕೊಡು ಕಣಪ್ಪ,
ಲೋಳೆ ಬ್ಯಾಡ, ಅದ ಎಮ್ಮೆನೂ ಮೂಸಾಕಿಲ್ಲ.’
ಎರೆಹುಳ, ರಾಗಿಹಿಟ್ಟಿನ ಉಂಡೆ
ಯಾವುದನ್ನೂ ಮುಟ್ಟದು ಹುಲ್ಲುಗೆಂಡೆ.
ವರ್ಷವಿಡೀ ಶ್ರಾವಣ ಶನಿವಾರ ಅದಕ್ಕೆ.

ಹೂಬತ್ತಿ ಹೊಸೆದ ಹಾಗೆ
ತೊಡೆಯ ಮೇಲೆ ಪಾಚಿ ಹೊಸೆದು
ಗಾಳಕ್ಕೆ ಸುತ್ತಿ, ತುದಿಯನ್ನು ಇಷ್ಟೇ ಇಷ್ಟು ಇಳಿಬಿಟ್ಟು
ಗೋಡೆಯ ಬುಡಕ್ಕೇ ಬಿಡುತ್ತಿದ್ದಳು.
ನವಿಲುಗರಿಯ ಬುಡ ನೀರ ಮೇಲೆ ನೆಟ್ಟಗೆ ನಿಂತಿದ್ದು
ಒಮ್ಮೆ ತೂಕಡಿಸಿದಂತೆ ತಗ್ಗುತ್ತಿತ್ತು.

‘ಈಗ?’
‘ತಡಿ. ಇದು ಕಚ್ಚೋ ಮೀನಲ್ಲ, ಮೇಯೋ ಮೀನು.
ಬಾಯ್ತುಂಬ ಮೇವು ತುಂಬ್ಕಳ್ಳಿ.
ಎಂಟೆಣ್ಸು.’

ನನಗೆ ಕಂಡಿದ್ದನ್ನು ಕಂಡಾಗಲೇ ಬರೆದು ರೂಢಿ.
ನಾಲ್ಕಕ್ಕೇ ಎಳೆದೆ.
ಮರುದಿನ ಐದಕ್ಕೆ.
ಬರಿ ಗಾಳ ಬಿಸಿಲಲ್ಲಿ ಮಿನುಗಿತು.
ಅವಳು ನಗಲಿಲ್ಲ, ಉಗುಳಿ ಬಂದಳು.

ಒಂದು ದಿನ ಮೆಟ್ಟಿಲ ಮೇಲೆ ಮೀನು ಸೀಳಿ
ಕರುಳು ಹಿಡಿದೆತ್ತಿದಳು.
ಮೂರು ಮೊಳದ ಮೀನಲ್ಲ, ಕರುಳು ಮುಗಿಯಲೇ ಇಲ್ಲ,
ಜಡೆಕುಚ್ಚು ಬಿಚ್ಚಿದ ಹಾಗೆ ಸುರುಳಿ ಸುರುಳಿ.
ಒಳಗೆಲ್ಲ ಕಡುಹಸಿರು ಹಿಟ್ಟು.
ನನ್ನ ಗೋಡೆ!
ನಾನು ಬರೆದ ಸೋಮವಾರ, ಮಂಗಳವಾರ
ಅಲ್ಲಿ ಅರೆದು ಬಿದ್ದಿದ್ದವು.

ಆಮೇಲೆ ನನಗೆ ಜ್ವರ, ನಾಲ್ಕು ದಿನ.
ಐದನೆಯ ಬೆಳಿಗ್ಗೆ ಬ್ರಶ್ಶು ಹಿಡಿದು ಇಳಿದರೆ
ಉಜ್ಜಲು ಏನೂ ಇಲ್ಲ.
ನೀರೊಳಗಿನ ಅಂಕಿಗಳೆಲ್ಲ
ಊಟದೆಲೆ ನೆಕ್ಕಿದಷ್ಟು ಚೊಕ್ಕಟ.
೩ ಮೂರೇ, ೬ ಆರೇ.
ಕಲ್ಲಿನ ತುಂಬ ಚಿಕ್ಕ ಚಿಕ್ಕ ತುಟಿಗುರುತು.

‘ದಿನಾ ಆರಕ್ಕೆ ನಿನ್ ಬ್ರಶ್ಶಿನ ಸದ್ದಿಗೆ ಬತ್ತಿದ್ವು.
ನೀ ಬರ್ನಿಲ್ವಲ್ಲ,
ತಾವೇ ಗೇದವೆ. ಸಂಬಳ ಕೊಡು ಅವುಕ್ಕೆ.’

ಕಟ್ಟೆಯ ಮೇಲೆ ಕೂತು
ಆ ನಾಲ್ಕು ದಿನದ ಮಟ್ಟ ಅಂದಾಜಿನಲ್ಲಿ ತುಂಬಿದೆ,
ಎಲ್ಲರೂ ತುಂಬುವ ಹಾಗೆ.
ಓದಿ ಹೇಳು ಎಂದಳು. ಓದಿದೆ.
ಗಾಳದ ಬಿದಿರು ತಿರುಗಿಸಿ
ಉಗುರಲ್ಲಿ ಕೀರಿದ ಒಂದು ಗೀರು ತೋರಿಸಿದಳು.
‘ಬುಧವಾರ ಇಲ್ಲಿಗಿತ್ತು. ಅಷ್ಟಿರ್ನಿಲ್ಲ.’

ಹೊಡೆದು ಹಾಕಿದೆ. ತಿದ್ದಿದೆ.
ಪೆನ್ನು ಷರಾ ಮನೆಯ ಮೇಲೆ ನಿಂತಿತು.
ಯಾಕೋ ಎಂಟರವರೆಗೆ ಎಣಿಸಿ, ಬರೆದೆ:
‘ಈ ವಾರ ಗೋಡೆ ಮೀನುಗಳಿಂದ ಶುದ್ಧಿ.’

ತಿಂಗಳ ಕೊನೆಗೆ ಜೀಪು ಬಂತು.
ಎಂಜಿನಿಯರು ವಹಿ ತೆರೆದರು,
ಬೆರಳು ಆ ಸಾಲಿನ ಮೇಲೆ ನಿಂತಿತು.
ನಾನು ಅವರ ಮುಖ ನೋಡಲಿಲ್ಲ, ಗರಿ ನೋಡುತ್ತಿದ್ದೆ.
ಅದು ತಗ್ಗಿತ್ತು.
ಒಂದು. ಎರಡು.
ಹೊನ್ನಾಜಮ್ಮ ಮಿಸುಕಲಿಲ್ಲ.
ಅವರು ರುಜು ಹಾಕಿದರು,
ಟೋಪಿ ತೆಗೆದು ಹಣೆ ಒರೆಸಿಕೊಂಡರು,
ತಗ್ಗಿದ ದನಿಯಲ್ಲಿ ಕೇಳಿದರು:
‘ಸಾರಿಗೆ ಚೆನ್ನಾಗಿರ್ತದೇನ್ರೀ?’

‘ಮುಳ್ಳು ಜಾಸ್ತಿ, ಸಾರ್.’